ಅವಲಂಬಿತ ವೀಸಾ ಮತ್ತು ಮಹಿಳೆಯ ಸುರಕ್ಷತೆ: ವಾಷಿಂಗ್ಟನ್‌ನಿಂದ ಅಟ್ಲಾಂಟಾವರೆಗಿನ ಕನ್ನಡತಿಯರು ತಿಳಿದಿರಬೇಕಾದದ್ದು

ಮದುವೆ, ವಲಸೆಯ ಸ್ಥಾನಮಾನ ಮತ್ತು ಜೀವದ ಸುರಕ್ಷತೆ ಎಂಬ ಮೂರು ಸಂಗತಿಗಳು ಅಮೆರಿಕದ ಕಾನೂನಿನ ದೃಷ್ಟಿಯಲ್ಲಿ ಬೇರೆ ಬೇರೆ. ಮದುವೆ ಮತ್ತು ವಿಚ್ಛೇದನ ರಾಜ್ಯದ ನ್ಯಾಯಾಲಯಕ್ಕೆ ಸೇರಿದ್ದು. ವೀಸಾ ಒಕ್ಕೂಟ ಸರ್ಕಾರಕ್ಕೆ ಸೇರಿದ್ದು. ಹಲ್ಲೆ ನಡೆದಾಗ ಬರುವವರು ಸ್ಥಳೀಯ ಪೊಲೀಸರು. ಆದರೆ ಗಂಡನ ವೀಸಾದ ಆಧಾರದಲ್ಲಿ ಈ ದೇಶಕ್ಕೆ ಬಂದ ಹೆಣ್ಣಿಗೆ ಈ ಮೂರೂ ಬಿಡಿಸಲಾಗದ ಒಂದೇ ಗಂಟಿನಂತೆ ಕಾಣುತ್ತವೆ. 'ಮಾತು ಮೀರಿದರೆ ವಾಪಸ್ ಕಳಿಸಿಬಿಡುತ್ತೇನೆ' ಎಂಬ ಬೆದರಿಕೆಗೆ ಬಲ ಬರುವುದು ಈ ಗೊಂದಲದಿಂದಲೇ.

ನಾನು ವಕೀಲಳಲ್ಲ. ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಕೆಲವು ವರ್ಷಗಳಿಂದ ಕನ್ನಡ ದುಭಾಷಿಯಾಗಿ ಸ್ವಯಂಸೇವೆ ಮಾಡುತ್ತಿದ್ದೇನೆ. ವಾಷಿಂಗ್ಟನ್ ಸುತ್ತಲಿನ ಮೇರಿಲ್ಯಾಂಡ್ ಮತ್ತು ವರ್ಜೀನಿಯಾ, ಎರಡು ಕ್ಯಾರೊಲೈನಾಗಳು ಮತ್ತು ಜಾರ್ಜಿಯಾ ರಾಜ್ಯಗಳ ನಿಯಮಗಳನ್ನು ಕನ್ನಡದಲ್ಲಿ ಒಂದೆಡೆ ತರುವುದು ಈ ಲೇಖನದ ಉದ್ದೇಶ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಬಳಿ ಏನನ್ನು ಕೇಳಬೇಕು ಎಂಬುದನ್ನು ತಿಳಿಸುವ ಬರಹ.

ಎಚ್-4 ಎಂಬ ಸ್ಥಾನಮಾನ

ಎಚ್-1ಬಿ ವೀಸಾದ ಮೇಲೆ ದುಡಿಯುವವರ ಪತಿ ಅಥವಾ ಪತ್ನಿಗೆ ಹಾಗೂ 21 ವರ್ಷದೊಳಗಿನ ಮಕ್ಕಳಿಗೆ ದೊರೆಯುವುದು ಎಚ್-4. 2015ರವರೆಗೆ ಎಚ್-4 ವೀಸಾದವರು ಸಂಬಳದ ಕೆಲಸ ಮಾಡುವಂತಿರಲಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಎಂಜಿನಿಯರ್, ವೈದ್ಯೆ, ಅಧ್ಯಾಪಕಿ ಆಗಿದ್ದವರು ಇಲ್ಲಿ ಬಂದು ಕೈಕಟ್ಟಿ ಕೂರಬೇಕಾಗುತ್ತಿತ್ತು. 2015ರ ಮೇ 26ರಂದು ಜಾರಿಗೆ ಬಂದ ನಿಯಮದ ಪ್ರಕಾರ, ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಅರ್ಜಿ ಮಂಜೂರಾಗಿದ್ದರೆ, ಅಥವಾ ಆತನ ಎಚ್-1ಬಿ ಆರು ವರ್ಷಗಳ ಮಿತಿಯನ್ನು ದಾಟಿ ಕಾನೂನಿನಂತೆ ವಿಸ್ತರಣೆಗೊಂಡಿದ್ದರೆ, ಪತ್ನಿ ಇಎಡಿ ಎಂಬ ಉದ್ಯೋಗ ಪರವಾನಗಿ ಪಡೆಯಬಹುದು. ಈ ನಿಯಮವನ್ನು ಪ್ರಶ್ನಿಸಿ 'ಸೇವ್ ಜಾಬ್ಸ್ ಯುಎಸ್ಎ' ಎಂಬ ಸಂಘಟನೆ ಮೊಕದ್ದಮೆ ಹೂಡಿತು. 2024ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಒಕ್ಕೂಟ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು.

ಆದರೂ ಐ-140 ಮಂಜೂರಾಗುವವರೆಗಿನ ಕೆಲವು ವರ್ಷಗಳಲ್ಲಿ ಹೊಸದಾಗಿ ಬಂದ ಮದುಮಗಳಿಗೆ ಸ್ವಂತ ಸಂಪಾದನೆಯಿಲ್ಲ. ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳ ಸಂಖ್ಯೆ ವರ್ಷಕ್ಕೆ ಸುಮಾರು 1,40,000. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡ 7ರ ಮಿತಿ ಇದೆ. ಹೀಗಾಗಿ ಭಾರತೀಯರ ಸರತಿ ದಶಕಗಳಷ್ಟು ಉದ್ದವಾಗಿದೆ. ಅವಲಂಬನೆ ಎಂಬುದು ಮೊದಲ ಒಂದೆರಡು ವರ್ಷಗಳ ಅನನುಕೂಲವಾಗಿ ಉಳಿಯದೆ ದಾಂಪತ್ಯದ ಬಹುಭಾಗವನ್ನು ಆವರಿಸಿಕೊಳ್ಳುತ್ತದೆ.

ಹಿಂಸೆಯ ಸ್ವರೂಪ

ಅನಿತಾ ರಾಜ್ ಮತ್ತು ಜೇ ಸಿಲ್ವರ್‌ಮನ್ ಎಂಬ ಸಂಶೋಧಕರು ಬಾಸ್ಟನ್ ಪ್ರದೇಶದ 160 ದಕ್ಷಿಣ ಏಷ್ಯಾ ಮೂಲದ ಮಹಿಳೆಯರ ನಡುವೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡ 40ಕ್ಕೂ ಹೆಚ್ಚು ಮಂದಿ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ತಿಳಿಸಿದ್ದರು. ಮಾದರಿ ಸಣ್ಣದು, ಊರೂ ಬೇರೆ; ಅದನ್ನು ನಮ್ಮೆಲ್ಲರ ಮನೆಗಳಿಗೆ ಅನ್ವಯಿಸಲಾಗದು. ಆದರೆ 'ಓದಿದವರ ಮನೆಯಲ್ಲಿ ಇಂಥದ್ದು ನಡೆಯುವುದಿಲ್ಲ' ಎಂಬ ನಂಬಿಕೆಯನ್ನು ಅಲುಗಿಸಲು ಅದು ಸಾಕು.

ಹೊಡೆತ ಹಿಂಸೆಯ ಒಂದು ರೂಪ ಮಾತ್ರ. ಪಾಸ್‌ಪೋರ್ಟನ್ನು ಬಚ್ಚಿಡುವುದು, ವೀಸಾ ವಿಸ್ತರಣೆಯ ಅರ್ಜಿಗೆ ಬೇಕಾದ ತನ್ನ ಕಾಗದಗಳನ್ನು ಕೊಡದಿರುವುದು, ಬ್ಯಾಂಕ್ ಖಾತೆಯಲ್ಲಿ ಹೆಸರು ಸೇರಿಸದಿರುವುದು, ದಿನಸಿಗೂ ಲೆಕ್ಕ ಕೇಳುವುದು, ಫೋನಿನ ಮೇಲೆ ಕಣ್ಣಿಡುವುದು ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ವರ್ಜೀನಿಯಾದ ಆಶ್‌ಬರ್ನ್, ಅಟ್ಲಾಂಟಾದ ಉತ್ತರಕ್ಕಿರುವ ಕಮಿಂಗ್ ಮತ್ತು ಆಲ್ಫರೆಟಾ, ರ‍್ಯಾಲಿ ಪಕ್ಕದ ಕ್ಯಾರಿ ಮತ್ತು ಮಾರಿಸ್‌ವಿಲ್‌ನಂಥ ಉಪನಗರಗಳಲ್ಲಿ ಕಾರಿಲ್ಲದವರು ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟ. ಅಲ್ಲಿ ಕಾರು ಕಲಿಯಲು ಬಿಡದಿರುವುದೂ ಒಂದು ಬಂಧನವೇ. ಅತ್ತೆ ಮಾವ ಆರು ತಿಂಗಳು ಬಂದಿದ್ದಾಗ ಹೆಚ್ಚುವ ಹಿಂಸೆ, ಊರಿನಲ್ಲಿ ಮುಗಿಯದ ವರದಕ್ಷಿಣೆಯ ಮಾತು ಇಲ್ಲಿ ಮುಂದುವರಿಯುವುದು, ಇವು ನಮ್ಮ ಸಮಾಜದ ವಿಶೇಷ ರೂಪಗಳು; ಇಲ್ಲಿನ ಅಧಿಕಾರಿಗಳಿಗೆ ಅವನ್ನು ವಿವರಿಸಿ ಹೇಳಬೇಕಾಗುತ್ತದೆ.

ಬೆದರಿಕೆಯ ಹಿಂದಿನ ನಿಜ

ಗಂಡನಿಗೆ ಹೆಂಡತಿಯನ್ನು ಗಡೀಪಾರು ಮಾಡುವ ಅಧಿಕಾರವಿಲ್ಲ. ಆತ ಮನೆಯಿಂದ ಹೊರಗೆ ಹಾಕಿದ ಮಾತ್ರಕ್ಕೆ, ಇಬ್ಬರೂ ಬೇರೆ ಮನೆಗಳಲ್ಲಿ ವಾಸಿಸಿದ ಮಾತ್ರಕ್ಕೆ ಎಚ್-4 ರದ್ದಾಗುವುದಿಲ್ಲ. ಆದರೆ ವಿಚ್ಛೇದನದ ಅಂತಿಮ ತೀರ್ಪು ಬಂದ ದಿನ ಆ ಸ್ಥಾನಮಾನದ ಆಧಾರ ಹೋಗುತ್ತದೆ. ಪತಿ ಎಚ್-1ಬಿ ಕಳೆದುಕೊಂಡರೂ ಹಾಗೆಯೇ. ಆದ್ದರಿಂದ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಮೊದಲು ವಲಸೆ ಕಾನೂನಿನ ವಕೀಲರನ್ನು ಕಾಣಬೇಕು. ಕೌಟುಂಬಿಕ ವಕೀಲರು ಎಷ್ಟೇ ನುರಿತವರಾದರೂ ಈ ಪ್ರಶ್ನೆಗೆ ಅವರೊಬ್ಬರೇ ಸಾಲದು.

ಒಕ್ಕೂಟ ಕಾನೂನಿನಲ್ಲಿ ಕೆಲವು ದಾರಿಗಳಿವೆ. ಇವುಗಳ ಮೂಲ 1994ರ ಮಹಿಳೆಯರ ವಿರುದ್ಧದ ಹಿಂಸಾಚಾರ ತಡೆ ಕಾಯ್ದೆ. ಇದನ್ನು ಸಂಕ್ಷಿಪ್ತವಾಗಿ 'ವಾವಾ' ಎನ್ನುತ್ತಾರೆ.

ಪತಿ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವನಾಗಿದ್ದರೆ, ಹಿಂಸೆಗೊಳಗಾದ ಪತ್ನಿ ಆತನಿಗೆ ತಿಳಿಯದಂತೆ ಐ-360 ಎಂಬ ಸ್ವಯಂ ಅರ್ಜಿ ಸಲ್ಲಿಸಬಹುದು. ಹಿಂಸೆಯ ಕಾರಣಕ್ಕೆ ವಿಚ್ಛೇದನವಾಗಿದ್ದರೂ ಎರಡು ವರ್ಷಗಳೊಳಗೆ ಸಲ್ಲಿಸಲು ಅವಕಾಶವಿದೆ. ಎರಡು ವರ್ಷಗಳ ಷರತ್ತಿನ ಗ್ರೀನ್ ಕಾರ್ಡ್ ಪಡೆದವರು ಷರತ್ತು ತೆಗೆಯುವ ಐ-751 ಅರ್ಜಿಯನ್ನು ಪತಿಯ ಸಹಿಯಿಲ್ಲದೆಯೂ, ಹಿಂಸೆಯ ಆಧಾರದ ಮೇಲೆ, ಸಲ್ಲಿಸಬಹುದು. ಸ್ವಯಂ ಅರ್ಜಿಯ ಮಾಹಿತಿಯನ್ನು ವಲಸೆ ಇಲಾಖೆ ಪತಿಗೆ ಬಿಟ್ಟುಕೊಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ.

ಎಚ್-4 ಪತ್ನಿಗೆ ಈ ದಾರಿ ತೆರೆದಿಲ್ಲ. ಆಕೆಗಾಗಿ 2005ರ ವಾವಾ ತಿದ್ದುಪಡಿ ಒಂದು ಸಣ್ಣ ಬಾಗಿಲು ತೆರೆಯಿತು: ಹಿಂಸೆಗೊಳಗಾದ ಅವಲಂಬಿತ ಪತ್ನಿ ಸ್ವತಂತ್ರವಾಗಿ ಉದ್ಯೋಗ ಪರವಾನಗಿ ಕೇಳಬಹುದು. ಅರ್ಜಿಯ ಹೆಸರು ಐ-765ವಿ. ಅದು ಬಳಕೆಗೆ ಬಂದದ್ದು 2017ರಲ್ಲಿ. ಎಚ್ ವರ್ಗದವರಿಗೆ ಮಾತ್ರವಲ್ಲದೆ ರಾಯಭಾರ ಕಚೇರಿಗಳ ಎ ವರ್ಗ, ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಉದ್ಯೋಗಿಗಳು ಬಳಸುವ ಜಿ ವರ್ಗ ಇವುಗಳ ಅವಲಂಬಿತರಿಗೂ ಇದು ಅನ್ವಯಿಸುತ್ತದೆ. ವಾಷಿಂಗ್ಟನ್ನಿನಲ್ಲಿ ಇಂಥ ಕುಟುಂಬಗಳು ಅನೇಕ. ಇದು ಗ್ರೀನ್ ಕಾರ್ಡ್ ಕೊಡುವುದಿಲ್ಲ, ದುಡಿಯುವ ಹಕ್ಕನ್ನು ಮಾತ್ರ ಕೊಡುತ್ತದೆ. ಆದರೆ ಮನೆ ಬಾಡಿಗೆ ಕಟ್ಟಬಲ್ಲ ಹೆಣ್ಣಿನ ಮುಂದೆ ಇರುವ ಆಯ್ಕೆಗಳು ಕಟ್ಟಲಾಗದವಳ ಮುಂದೆ ಇರುವುದಿಲ್ಲ.

ಇನ್ನೊಂದು ದಾರಿ 2000ದ ಕಾನೂನಿನಿಂದ ಬಂದ ಯು ವೀಸಾ. ಕೌಟುಂಬಿಕ ಹಿಂಸೆಯಂಥ ಅಪರಾಧಕ್ಕೆ ಗುರಿಯಾಗಿ, ತನಿಖೆಗೆ ಸಹಕರಿಸಿದವರಿಗೆ ಇದು ಲಭ್ಯ. ಪೊಲೀಸ್ ಅಥವಾ ಪ್ರಾಸಿಕ್ಯೂಟರ್ ಕಚೇರಿಯ ದೃಢೀಕರಣ ಪತ್ರ ಅಗತ್ಯ. ವರ್ಷಕ್ಕೆ 10,000 ವೀಸಾಗಳ ಮಿತಿಯಿರುವುದರಿಂದ ಕಾಯುವಿಕೆ ಹಲವು ವರ್ಷಗಳದು. ಆದರೆ ಕೊನೆಗೆ ಗ್ರೀನ್ ಕಾರ್ಡ್‌ಗೆ ಅದು ದಾರಿಯಾಗಬಲ್ಲದು.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಕೌಟುಂಬಿಕ ಹಿಂಸೆಯ ಅಪರಾಧ ಸಾಬೀತಾದರೆ ವಲಸಿಗ ಪತಿ ಗಡೀಪಾರಿಗೆ ಗುರಿಯಾಗಬಹುದು. ಆತನ ಕೆಲಸ ಹೋದರೆ ಹೆಂಡತಿ ಮಕ್ಕಳ ಸ್ಥಾನಮಾನವೂ ಅಲುಗಾಡುತ್ತದೆ. ಎಷ್ಟೋ ಮಹಿಳೆಯರು ಪೊಲೀಸರನ್ನು ಕರೆಯದಿರುವುದು ಇದೇ ಕಾರಣಕ್ಕೆ, ಪ್ರೀತಿಗೋ ಭಯಕ್ಕೋ ಮಾತ್ರವಲ್ಲ. ಅವರ ಈ ಲೆಕ್ಕಾಚಾರವನ್ನು ದೌರ್ಬಲ್ಯವೆಂದು ಹಳಿಯುವುದು ಅನ್ಯಾಯ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಈ ಲೆಕ್ಕವನ್ನೆಲ್ಲ ಬದಿಗಿಟ್ಟು 911ಕ್ಕೆ ಕರೆ ಮಾಡಲೇಬೇಕು.

ರಕ್ಷಣಾದೇಶ: ರಾಜ್ಯದಿಂದ ರಾಜ್ಯಕ್ಕೆ

ರಕ್ಷಣಾದೇಶ ಎಂದರೆ ಹಿಂಸಿಸುವವನು ಹತ್ತಿರ ಬರಬಾರದು, ಸಂಪರ್ಕಿಸಬಾರದು ಎಂದು ನ್ಯಾಯಾಲಯ ಹೊರಡಿಸುವ ಸಿವಿಲ್ ಆದೇಶ. ಇದನ್ನು ಕೋರಲು ಗ್ರೀನ್ ಕಾರ್ಡ್ ಬೇಕಿಲ್ಲ, ವಕೀಲರು ಕಡ್ಡಾಯವಲ್ಲ, ಶುಲ್ಕವೂ ಇಲ್ಲ. ಆದೇಶವೇ ಅಪರಾಧ ನಿರ್ಣಯವಲ್ಲ. ಅದನ್ನು ಉಲ್ಲಂಘಿಸುವುದು ಅಪರಾಧ. ಮನೆಯಲ್ಲಿ ಯಾರು ಇರಬೇಕು, ಮಕ್ಕಳು ಸದ್ಯಕ್ಕೆ ಯಾರ ಬಳಿ ಇರಬೇಕು ಎಂಬುದನ್ನೂ ಅದರಲ್ಲಿ ಸೇರಿಸಬಹುದು.

ವರ್ಜೀನಿಯಾದಲ್ಲಿ ಮೂರು ಹಂತಗಳಿವೆ: ಸುಮಾರು ಮೂರು ದಿನಗಳ ತುರ್ತು ಆದೇಶ, 15 ದಿನಗಳೊಳಗೆ ವಿಚಾರಣೆಗೆ ಬರುವ ಪ್ರಾಥಮಿಕ ಆದೇಶ, ಆಮೇಲೆ ಸಾಮಾನ್ಯವಾಗಿ ಎರಡು ವರ್ಷಗಳವರೆಗಿನ ಆದೇಶ. ಮೇರಿಲ್ಯಾಂಡ್‌ನಲ್ಲಿ ನ್ಯಾಯಾಲಯ ಮುಚ್ಚಿದ ಹೊತ್ತಿನಲ್ಲೂ ಜಿಲ್ಲಾ ನ್ಯಾಯಾಲಯದ ಕಮಿಷನರ್ ಮಧ್ಯಂತರ ಆದೇಶ ಕೊಡುತ್ತಾರೆ. ಅಂತಿಮ ಆದೇಶ ಸಾಮಾನ್ಯವಾಗಿ ಒಂದು ವರ್ಷದ್ದು. ಜಾರ್ಜಿಯಾದಲ್ಲಿ ಅರ್ಜಿ ಸಲ್ಲಿಸಬೇಕಾದದ್ದು ಕೌಂಟಿಯ ಸುಪೀರಿಯರ್ ಕೋರ್ಟಿಗೆ. ಆದೇಶ ಒಂದು ವರ್ಷದವರೆಗೆ ಇದ್ದು, ಮೂರು ವರ್ಷಕ್ಕೆ ಅಥವಾ ಶಾಶ್ವತಕ್ಕೆ ವಿಸ್ತರಿಸಬಹುದು. ನಾರ್ತ್ ಕ್ಯಾರೊಲೈನಾದಲ್ಲಿ ಇದನ್ನು ಕಾನೂನಿನ ಅಧ್ಯಾಯದ ಹೆಸರಿನಿಂದಲೇ '50ಬಿ' ಎಂದು ಕರೆಯುತ್ತಾರೆ. ಅವಧಿ ಒಂದು ವರ್ಷ, ನವೀಕರಿಸಬಹುದು. ಸೌತ್ ಕ್ಯಾರೊಲೈನಾದಲ್ಲಿ ಫ್ಯಾಮಿಲಿ ಕೋರ್ಟ್ ಕೊಡುವ ಆದೇಶದ ಅವಧಿ ಆರು ತಿಂಗಳಿಂದ ಒಂದು ವರ್ಷ.

ಒಂದು ರಾಜ್ಯದ ಆದೇಶ ಎಲ್ಲ ರಾಜ್ಯಗಳಲ್ಲೂ ಜಾರಿಯಾಗುತ್ತದೆ. ಷಾರ್ಲೆಟ್‌ನಲ್ಲಿ ಆದೇಶ ಪಡೆದು ಗಡಿಯಾಚೆಯ ಫೋರ್ಟ್ ಮಿಲ್‌ಗೆ ಮನೆ ಬದಲಿಸಿದರೂ, ಪೊಟೊಮ್ಯಾಕ್ ನದಿ ದಾಟಿ ಮೇರಿಲ್ಯಾಂಡ್‌ನಿಂದ ವರ್ಜೀನಿಯಾಕ್ಕೆ ಕೆಲಸಕ್ಕೆ ಹೋದರೂ ಅದು ಊರ್ಜಿತ. ಅದರ ಪ್ರತಿಯೊಂದನ್ನು ಕೈಚೀಲದಲ್ಲಿ ಇಟ್ಟುಕೊಂಡಿರಬೇಕು.

ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ, ಹಲ್ಲೆ ನಡೆದಿದೆ ಎನ್ನಲು ಸಾಕಷ್ಟು ಆಧಾರ ಕಂಡರೆ ಪೊಲೀಸರು ಬಂಧಿಸಲೇಬೇಕೆಂಬ ನಿಯಮವಿದೆ. ಆಮೇಲೆ 'ದೂರು ವಾಪಸ್ ತೆಗೆದುಕೋ' ಎಂದು ಎರಡೂ ಮನೆಯವರು ಒತ್ತಾಯಿಸಿದರೂ ಅದು ಆಕೆಯ ಕೈಯಲ್ಲಿರುವುದಿಲ್ಲ, ಮೊಕದ್ದಮೆ ಸರ್ಕಾರದ್ದು.

ಕನ್ನಡದ ಮಾತು, ಇಂಗ್ಲಿಷಿನ ವರದಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ಹಾನಿಯಾಗುವುದು ಭಾಷಾಂತರದಲ್ಲಿ. ಕನ್ನಡ ದುಭಾಷಿ ಸುಲಭವಾಗಿ ಸಿಗುವುದಿಲ್ಲ. 'ಭಾರತೀಯ ಭಾಷೆ' ಎಂದು ಹಿಂದಿಯವರನ್ನೋ ತೆಲುಗಿನವರನ್ನೋ ಫೋನಿನಲ್ಲಿ ಕರೆಯುವುದುಂಟು. ಕೆಲವೊಮ್ಮೆ ಇಂಗ್ಲಿಷ್ ಬಲ್ಲ ಗಂಡನೇ ಪೊಲೀಸರ ಮುಂದೆ ಹೆಂಡತಿಯ ಪರವಾಗಿ ಮಾತನಾಡಿಬಿಡುತ್ತಾನೆ.

ನಮ್ಮ ಹೆಂಗಸರು ಹೊಡೆತವನ್ನು ಹೊಡೆತ ಎನ್ನುವುದಿಲ್ಲ. 'ಸ್ವಲ್ಪ ಕೈ ಮಾಡಿದರು' ಎನ್ನುತ್ತಾರೆ. ಕನ್ನಡ ಬಲ್ಲವರಿಗೆ ಅದರ ಅರ್ಥ ಗೊತ್ತು. ಪದಕ್ಕೆ ಪದ ಇಟ್ಟು ಅನುವಾದಿಸಿದರೆ ವರದಿಯಲ್ಲಿ ಏನೂ ಉಳಿಯುವುದಿಲ್ಲ. 'ಕತ್ತು ಹಿಡಿದರು' ಎಂಬ ಮಾತು ಇನ್ನೂ ಸೂಕ್ಷ್ಮ. ಕತ್ತು ಹಿಡಿದು ಹೊರಗೆ ದಬ್ಬಿದರೇ, ಅಥವಾ ಉಸಿರು ಕಟ್ಟುವಂತೆ ಕುತ್ತಿಗೆ ಅದುಮಿದರೇ? ಎರಡನೆಯದನ್ನು ವರ್ಜೀನಿಯಾ, ಮೇರಿಲ್ಯಾಂಡ್, ನಾರ್ತ್ ಕ್ಯಾರೊಲೈನಾ ಮತ್ತು ಜಾರ್ಜಿಯಾ ರಾಜ್ಯಗಳು ಗುರುತರ ಅಪರಾಧವೆಂದು ಪರಿಗಣಿಸುತ್ತವೆ. ಹೊರಗೆ ಗಾಯ ಕಾಣದಿದ್ದರೂ ಕೆಲವು ಗಂಟೆ, ಕೆಲವು ದಿನಗಳ ನಂತರ ಪ್ರಾಣಾಪಾಯ ಆಗಬಹುದಾದ್ದರಿಂದ ತಕ್ಷಣ ವೈದ್ಯರನ್ನು ಕಾಣಬೇಕು. 'ಉಸಿರಾಡಲು ಆಗಲಿಲ್ಲ', 'ಕಣ್ಣು ಕತ್ತಲಿಟ್ಟಿತು', 'ದನಿ ಒಡೆಯಿತು' ಎಂಬ ವಿವರಗಳನ್ನು ಬಿಡಿಬಿಡಿಯಾಗಿ ಹೇಳಬೇಕು.

'ಕನ್ನಡ ಇಂಟರ್‌ಪ್ರಿಟರ್ ಬೇಕು' ಎಂದು ನ್ಯಾಯಾಲಯದಲ್ಲಿ, ಆಸ್ಪತ್ರೆಯಲ್ಲಿ, ಪೊಲೀಸರ ಬಳಿ ಸ್ಪಷ್ಟವಾಗಿ ಕೇಳಬಹುದು. ನೆಂಟರನ್ನೂ ಮಕ್ಕಳನ್ನೂ ದುಭಾಷಿಗಳಾಗಿ ಒಪ್ಪಿಕೊಳ್ಳಬಾರದು. ಅರ್ಥವಾಗದ ಹೇಳಿಕೆಗೆ ಸಹಿ ಹಾಕಬಾರದು.

ವಿಚ್ಛೇದನ ಮತ್ತು ಆಸ್ತಿ

ವಿಚ್ಛೇದನದ ನಿಯಮ ರಾಜ್ಯಕ್ಕೊಂದು. ನಾರ್ತ್ ಕ್ಯಾರೊಲೈನಾದಲ್ಲಿ ಒಂದು ವರ್ಷ ಬೇರೆ ಬೇರೆ ಮನೆಗಳಲ್ಲಿ ವಾಸಿಸಿರಬೇಕು. ಸೌತ್ ಕ್ಯಾರೊಲೈನಾದಲ್ಲಿ ಯಾರ ತಪ್ಪನ್ನೂ ಹೊರಿಸದ ವಿಚ್ಛೇದನಕ್ಕೆ ಅಷ್ಟೇ ಅವಧಿ. ವರ್ಜೀನಿಯಾದಲ್ಲಿಯೂ ಒಂದು ವರ್ಷ. ಅಪ್ರಾಪ್ತ ಮಕ್ಕಳಿಲ್ಲದೆ ಲಿಖಿತ ಒಪ್ಪಂದವಿದ್ದರೆ ಆರು ತಿಂಗಳು. ಮೇರಿಲ್ಯಾಂಡ್ 2023ರ ಅಕ್ಟೋಬರ್‌ನಲ್ಲಿ ತನ್ನ ಕಾನೂನನ್ನು ಸರಳಗೊಳಿಸಿತು. ಡಿ.ಸಿ.ಯಲ್ಲಿ 2024ರ ಜನವರಿಯಿಂದ ಪ್ರತ್ಯೇಕ ವಾಸದ ಅವಧಿಯೇ ಬೇಕಿಲ್ಲ. ಜಾರ್ಜಿಯಾದಲ್ಲಿ ನೋಟಿಸ್ ತಲುಪಿ 30 ದಿನಗಳಾದ ಮೇಲೆ ತೀರ್ಪು ಸಾಧ್ಯ. ಎಚ್-4 ಪತ್ನಿಗೆ ಈ ವ್ಯತ್ಯಾಸ ಬಹಳ ಮುಖ್ಯ: ಒಂದು ವರ್ಷ ಕಾಯಬೇಕಾದ ರಾಜ್ಯದಲ್ಲಿ ವೀಸಾದ ಬಗ್ಗೆ ಯೋಚಿಸಲು ಸಮಯ ಸಿಗುತ್ತದೆ, ಜಾರ್ಜಿಯಾದಲ್ಲಿ ಅಷ್ಟು ಸಿಗದೇ ಹೋಗಬಹುದು.

ಈ ಎಲ್ಲ ರಾಜ್ಯಗಳಲ್ಲೂ ಮದುವೆಯ ನಂತರದ ಗಳಿಕೆಯಿಂದ ಕೊಂಡ ಮನೆ, ಕೂಡಿಟ್ಟ ನಿವೃತ್ತಿ ನಿಧಿ ಪತಿಯೊಬ್ಬನ ಹೆಸರಿನಲ್ಲಿದ್ದರೂ ಸಾಮಾನ್ಯವಾಗಿ ದಂಪತಿಗಳ ಆಸ್ತಿಯೆಂದೇ ಪರಿಗಣಿತ. ನ್ಯಾಯಾಲಯ ಅದನ್ನು ನ್ಯಾಯಸಮ್ಮತವಾಗಿ ಹಂಚುತ್ತದೆ. ಆದರೆ ನಾರ್ತ್ ಕ್ಯಾರೊಲೈನಾದಲ್ಲಿ ಒಂದು ಕಂದಕವಿದೆ. ಆಸ್ತಿ ಹಂಚಿಕೆ ಮತ್ತು ಜೀವನಾಂಶದ ಕೋರಿಕೆಯನ್ನು ವಿಚ್ಛೇದನದ ತೀರ್ಪಿಗೆ ಮೊದಲೇ ದಾಖಲಿಸದಿದ್ದರೆ, ಆ ಹಕ್ಕು ಸಾಮಾನ್ಯವಾಗಿ ಕಳೆದುಹೋಗುತ್ತದೆ. 'ಮೊದಲು ಡೈವೋರ್ಸ್ ಆಗಲಿ, ಹಣದ ಮಾತು ಆಮೇಲೆ' ಎಂಬ ಸಮಾಧಾನದ ಮಾತಿಗೆ ಅಲ್ಲಿ ಒಪ್ಪಲೇಬಾರದು. ನೋಟಿಸ್ ಬಂದರೆ ಉತ್ತರಿಸಲು ಇರುವ ಸಮಯ ರಾಜ್ಯವನ್ನು ಅನುಸರಿಸಿ ಸಾಮಾನ್ಯವಾಗಿ 21ರಿಂದ 30 ದಿನಗಳು.

ಮಕ್ಕಳು ಮತ್ತು ತವರು

'ಮಗುವನ್ನು ಕರೆದುಕೊಂಡು ಬಂದುಬಿಡು' ಎಂಬುದು ತವರಿನವರ ಸಹಜ ಮಾತು. ಆದರೆ ಮಗು ಹಿಂದಿನ ಆರು ತಿಂಗಳು ವಾಸಿಸಿದ ರಾಜ್ಯದ ನ್ಯಾಯಾಲಯಕ್ಕೆ ಮಗುವಿನ ಸುಪರ್ದಿಯನ್ನು ತೀರ್ಮಾನಿಸುವ ಅಧಿಕಾರವಿರುತ್ತದೆ. ಇನ್ನೊಬ್ಬ ಪೋಷಕರ ಹಕ್ಕಿಗೆ ಅಡ್ಡಿಪಡಿಸಲು ಮಗುವನ್ನು ದೇಶದಾಚೆ ಒಯ್ಯುವುದು 1993ರ ಒಕ್ಕೂಟ ಕಾನೂನಿನಡಿ ಅಪರಾಧ. ಹಿಂಸೆಯಿಂದ ಪಾರಾಗಲು ಹೋದೆನೆಂಬ ಸಮರ್ಥನೆಗೆ ಅವಕಾಶವಿದ್ದರೂ ಅದನ್ನು ಸಾಬೀತುಪಡಿಸುವ ಹೊರೆ ಆಕೆಯದೇ. ಭಾರತ ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಸಹಿ ಹಾಕಿಲ್ಲ ಎಂಬುದು ತಾತ್ಕಾಲಿಕ ಆಶ್ರಯದಂತೆ ಕಂಡರೂ, ಮುಂದೆ ಈ ದೇಶಕ್ಕೆ ಮರಳುವ ದಾರಿಯನ್ನೇ ಮುಚ್ಚಬಹುದು. ಮೊದಲು ನ್ಯಾಯಾಲಯದ ಅನುಮತಿ, ಆಮೇಲೆ ವಿಮಾನದ ಟಿಕೆಟ್ ಎಂಬ ಕ್ರಮ ಸುರಕ್ಷಿತ.

ಇದಕ್ಕೆ ವಿರುದ್ಧವಾದ ಪರಿಸ್ಥಿತಿಯೂ ಇದೆ: ರಜೆಗೆಂದು ಊರಿಗೆ ಕರೆದೊಯ್ದು, ಹೆಂಡತಿಯನ್ನು ಅಲ್ಲೇ ಬಿಟ್ಟು, ಇಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕುವುದು. ವೈ. ನರಸಿಂಹ ರಾವ್ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಮಿಸೌರಿ ನ್ಯಾಯಾಲಯದ ವಿಚ್ಛೇದನ ತೀರ್ಪನ್ನು ಒಪ್ಪಲಿಲ್ಲ. ದಂಪತಿ ಮದುವೆಯಾದ ಕಾನೂನಿನಲ್ಲಿರುವ ಕಾರಣಕ್ಕೇ ವಿದೇಶಿ ತೀರ್ಪು ಬಂದಿರಬೇಕು, ಪತ್ನಿ ಆ ನ್ಯಾಯಾಲಯದ ಅಧಿಕಾರಕ್ಕೆ ಸ್ವಇಚ್ಛೆಯಿಂದ ಒಳಪಟ್ಟಿರಬೇಕು ಎಂಬಂಥ ತತ್ತ್ವಗಳನ್ನು ಅದು ರೂಪಿಸಿತು. ಹೀಗಾಗಿ ಇಲ್ಲಿಂದ ಬಂದ ನೋಟಿಸಿಗೆ ಹೇಗೆ ಉತ್ತರಿಸುತ್ತೇವೆ ಎಂಬುದು ಎರಡೂ ದೇಶಗಳಲ್ಲಿ ಪರಿಣಾಮ ಬೀರುತ್ತದೆ. ಸುಮ್ಮನಿರುವುದೂ ಆತುರದಿಂದ ಸಹಿ ಹಾಕುವುದೂ ಎರಡೂ ಅಪಾಯ. 2019ರ ರೂಪಾಲಿ ದೇವಿ ತೀರ್ಪಿನ ಪ್ರಕಾರ, ಕ್ರೌರ್ಯದ ದೂರನ್ನು ಪತ್ನಿ ತಾನು ಆಶ್ರಯ ಪಡೆದ ಊರಿನಲ್ಲೇ ದಾಖಲಿಸಬಹುದು. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಭಾರತೀಯರ ವಿವಾಹ ಪ್ರಕರಣಗಳಿಗಾಗಿಯೇ ಒಂದು ಘಟಕವಿದೆ.

ಭಾರತೀಯ ಪಾಸ್‌ಪೋರ್ಟ್ ಕಾನೂನಿನ ಪ್ರಕಾರ ಭಾರತ ಸರ್ಕಾರದ ಸ್ವತ್ತು, ಗಂಡನದಲ್ಲ. ಅದು ಕೈತಪ್ಪಿದರೆ ಹೊಸದಕ್ಕೆ ಅರ್ಜಿ ಹಾಕಬಹುದು. ಮೇರಿಲ್ಯಾಂಡ್, ವರ್ಜೀನಿಯಾ, ನಾರ್ತ್ ಕ್ಯಾರೊಲೈನಾದವರಿಗೆ ವಾಷಿಂಗ್ಟನ್ನಿನ ರಾಯಭಾರ ಕಚೇರಿ. ಜಾರ್ಜಿಯಾ, ಸೌತ್ ಕ್ಯಾರೊಲೈನಾದವರಿಗೆ ಅಟ್ಲಾಂಟಾದ ಕಾನ್ಸುಲೇಟ್. ಪರಿತ್ಯಕ್ತ ಪತ್ನಿಯರ ಕಾನೂನು ನೆರವಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಹಣ ಪಡೆಯಲು ಅವಕಾಶವಿದೆ. ಅದನ್ನು ಕೇಳಬೇಕಾದದ್ದೂ ಇದೇ ಕಚೇರಿಗಳಲ್ಲಿ.

ಯಾರನ್ನು ಕರೆಯಬೇಕು

ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿ ಈ ದೇಶದಲ್ಲಿ ಮೊದಲು ಸಂಘಟಿತವಾದದ್ದು 1985ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ 'ಮಾನವಿ'. ನಮ್ಮ ಪ್ರದೇಶದಲ್ಲಿ ವಾಷಿಂಗ್ಟನ್ ಸುತ್ತಲಿನವರಿಗೆ 1989ರಿಂದ 'ಆಶಾ', ಅಟ್ಲಾಂಟಾದವರಿಗೆ 1995ರಿಂದ 'ರಕ್ಷಾ', ನಾರ್ತ್ ಕ್ಯಾರೊಲೈನಾದವರಿಗೆ 1999ರಿಂದ 'ಕಿರಣ್' ಇವೆ. ವರ್ಜೀನಿಯಾದ ಫಾಲ್ಸ್ ಚರ್ಚ್‌ನಲ್ಲಿ 1997ರಲ್ಲಿ ಆರಂಭವಾದ 'ತಾಹಿರಿ ಜಸ್ಟಿಸ್ ಸೆಂಟರ್' ವಲಸಿಗ ಮಹಿಳೆಯರಿಗೆ ಉಚಿತ ಕಾನೂನು ನೆರವು ನೀಡುತ್ತದೆ. ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233 ಹಗಲೂ ರಾತ್ರಿಯೂ ಲಭ್ಯ. ದುಭಾಷಿಯನ್ನು ಕೇಳಿದರೆ ಫೋನಿನಲ್ಲೇ ಜೋಡಿಸುತ್ತಾರೆ. ಕರೆ ಮಾಡಿದ ಮಾತ್ರಕ್ಕೆ ಪೊಲೀಸರು ಬಾಗಿಲಿಗೆ ಬರುವುದಿಲ್ಲ. ಗಂಡನ ಹೆಸರಿನ ಫ್ಯಾಮಿಲಿ ಪ್ಲಾನ್‌ನಲ್ಲಿರುವ ಫೋನಿನ ಬದಲು ಗೆಳತಿಯ, ಗ್ರಂಥಾಲಯದ ಅಥವಾ ವೈದ್ಯರ ಕಚೇರಿಯ ಫೋನ್ ಬಳಸುವುದು ಒಳಿತು.

ತೊಂದರೆ ಇರಲಿ ಇಲ್ಲದಿರಲಿ, ಇಲ್ಲಿಗೆ ಬಂದ ಪ್ರತಿಯೊಬ್ಬ ಹೆಣ್ಣುಮಗಳ ಬಳಿ ಕೆಲವು ದಾಖಲೆಗಳ ಪ್ರತಿಗಳು ಇರಬೇಕು: ತನ್ನ ಮತ್ತು ಮಕ್ಕಳ ಪಾಸ್‌ಪೋರ್ಟ್, ವೀಸಾ, ಐ-94, ಪತಿಯ ಮತ್ತು ತನ್ನ ಐ-797 ಅನುಮೋದನಾ ಪತ್ರಗಳು, ಮದುವೆಯ ಪ್ರಮಾಣಪತ್ರ, ಮಕ್ಕಳ ಜನನಪತ್ರ, ತೆರಿಗೆ ವಿವರಗಳು, ಬ್ಯಾಂಕ್ ಖಾತೆಗಳ ಮಾಹಿತಿ. ಇವನ್ನು ಗಂಡನಿಗೆ ಪಾಸ್‌ವರ್ಡ್ ತಿಳಿಯದ ಇಮೇಲ್ ಒಂದರಲ್ಲಿ ಇರಿಸಬಹುದು. ನಂಬಿಕೆಯ ಅಕ್ಕ ತಂಗಿಯರ ಬಳಿಯೂ ಒಂದು ಪ್ರತಿ ಇರಲಿ.

ಕನ್ನಡ ಕೂಟಗಳ ಪಾಲು

ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗದಂಥ ಕನ್ನಡ ಸಂಘಗಳು ನಮ್ಮ ಹಬ್ಬಗಳನ್ನೂ ಭಾಷೆಯನ್ನೂ ಇಲ್ಲಿ ಉಳಿಸಿವೆ. ಹೊಸದಾಗಿ ಬಂದ ಹೆಣ್ಣುಮಗಳು ಗಂಡನ ಗೆಳೆಯರ ಬಳಗದಾಚೆ ಕನ್ನಡದಲ್ಲಿ ನಾಲ್ಕು ಮಾತಾಡುವ ಮೊದಲ ಜಾಗ ಬಹುಶಃ ಯುಗಾದಿಯ ಊಟದ ಸಾಲೇ ಆಗಿರುತ್ತದೆ. ಇಂಥ ಸಂಘಗಳು ಎಲ್ಲೆಡೆ ಕೆಲವು ಸಣ್ಣ ಕೆಲಸಗಳನ್ನು ಮಾಡಬಹುದು: ಸಹಾಯವಾಣಿಯ ಸಂಖ್ಯೆಯನ್ನು ಮಹಿಳೆಯರ ಶೌಚಾಲಯದ ಬಾಗಿಲ ಹಿಂದೆ ಅಂಟಿಸುವುದು, ವರ್ಷಕ್ಕೊಮ್ಮೆ ವಲಸೆ ವಕೀಲರಿಂದ ಉಪನ್ಯಾಸ ಏರ್ಪಡಿಸುವುದು, ತರಬೇತಿ ಪಡೆದ ಕನ್ನಡ ದುಭಾಷಿಗಳ ಪಟ್ಟಿಯನ್ನು ನೆರವಿನ ಸಂಸ್ಥೆಗಳಿಗೆ ಕೊಡುವುದು.

ಮಾಡಬಾರದ ಒಂದು ಕೆಲಸವೂ ಇದೆ. ದೂರು ಕಿವಿಗೆ ಬಿದ್ದಾಗ ಹಿರಿಯರು ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಪಂಚಾಯಿತಿ ಮಾಡಬಾರದು. ಗಂಡನ ಮುಂದೆ ಆಕೆ ಆಡಿದ ಮಾತಿಗೆ ಬೆಲೆ ತೆರುವುದು ಆ ರಾತ್ರಿ, ಹಿರಿಯರು ಮನೆಗೆ ಹೋದ ಮೇಲೆ. 'ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಎನ್ನುವುದಕ್ಕಿಂತ 'ನಿನ್ನ ಕಾಗದಪತ್ರ ನಿನ್ನ ಬಳಿ ಇದೆಯೇನಮ್ಮ?' ಎಂದು ಒಬ್ಬಳೇ ಇದ್ದಾಗ ಕೇಳುವುದು ಹೆಚ್ಚಿನ ಉಪಕಾರ. ಆಕೆ ಇಲ್ಲ ಎಂದರೆ ಮೇಲಿನ ಸಂಖ್ಯೆಯನ್ನು ಕೊಟ್ಟು, ಕರೆ ಮಾಡಲು ತಮ್ಮ ಫೋನನ್ನೇ ಕೈಗಿಡಬಹುದು.